ಗೋಡೆಯಾಚೆಯ ದನಿ

"ತೆಗ್ವೆನ್ ಸೀನೋದೂ ಎರಡೆರಡು ಸಲ. ಮೊದಲು ವೆಲ್ಷಲ್ಲಿ, ಆಮೇಲೆ ಇಂಗ್ಲಿಷಲ್ಲಿ" ಎಂದು ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ಮೀನು ಹಿಡಿಯುವ ಎಮ್ರಿಸನದು ಇನ್ನೂ ಒಂದು ಕೈ ಮೇಲೆ. "ಸತ್ತ ಮೇಲೆ ಸ್ವರ್ಗದ ಬಾಗಿಲಲ್ಲೂ ಎರಡು ಸಲ ಹೆಸರು ಹೇಳ್ತಾಳೆ ಕಣ್ರೋ. ಕಾಟ ತಡೀಲಾರದೆ ಒಳಗೆ ಬಿಟ್ಕೊತಾರೆ." ತೆಗ್ವೆನ್ ಕೇಳಿಸಿಕೊಂಡು, "ನಿನ್ನನ್ನ ಮಾತ್ರ ವಾಸನೆಗೇ ಓಡಿಸ್ತಾರೆ, ಹೋಗೋ" ಎನ್ನುತ್ತಿದ್ದಳು.

ಬೇಸಿಗೆಯಲ್ಲಿ ಕಡಲ ಮೇಲಿನ ಹುಲ್ಲುಗಾವಲಲ್ಲಿ ಊರವರೇ ಸೇರಿ ನಡೆಸುವ ಹಾಡುಹಬ್ಬಕ್ಕೆ ಅವಳೇ ದನಿ. ಗುಡಾರ ಕಟ್ಟುವವರು, ಚಹಾ ಕಾಸುವವರು, ಕಕ್ಕಸು ತೊಳೆಯುವವರು ಎಲ್ಲ ನಾವೇ; ಮೈಕು ಮಾತ್ರ, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳನ್ನು ಗದರಿ ಗದರಿ ಗಂಟಲು ಪಳಗಿಸಿಕೊಂಡಿದ್ದ ತೆಗ್ವೆನಳದು. ಮೊದಲು ನಮ್ಮೂರ ಮಾತು ವೆಲ್ಷ್, ಪೂರ್ತಿ. ಆಮೇಲೆ ಇಂಗ್ಲಿಷ್, ಅದೂ ಪೂರ್ತಿ. ಈ ಕ್ರಮಕ್ಕಾಗಿ ಊರು ಒಂದು ಚಳಿಗಾಲವಿಡೀ ಜಗಳವಾಡಿತ್ತು. ಮಗು ಕಳೆದುಹೋಗಿರಲಿ, ಯಾರದೋ ಕಾರು ದಾರಿಗೆ ಅಡ್ಡ ನಿಂತಿರಲಿ, ಅವಳು ಕ್ರಮ ತಪ್ಪಿದವಳಲ್ಲ.

ಅವಳ ಮನೆಗೆ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಇಂಗ್ಲೆಂಡಿನಿಂದ ಬಂದ ನೈಜೆಲ್, ಮೊರೀನ್ ದಂಪತಿ ಇದ್ದರು. ನೈಜೆಲನಿಗೆ ವೆಲ್ಷ್ ಕಲಿಯುವ ಹಂಬಲ. ಸಂಜೆ ಹೊತ್ತು ತೆಗ್ವೆನಳ ಅಡುಗೆಮನೆಯಲ್ಲಿ ಕೂತು, ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತ ತಡವರಿಸುತ್ತಿದ್ದ. "ನಿನ್ನ ನಾಲಿಗೆಗೆ ಇಸ್ತ್ರಿ ಹಾಕ್ಬೇಕು ಮಾರಾಯ" ಎಂದು ಅವಳು ಅಂದರೆ ಗೋಡೆಯಾಚೆ ಮೊರೀನ್ ನಗುವುದು ಕೇಳುತ್ತಿತ್ತು.

ಆ ವರ್ಷದ ಹಬ್ಬದ ಮಧ್ಯಾಹ್ನ ನೀರು ಇಳಿದಿತ್ತು. ಸೀಲ್ ಎಂಬ ಕಡಲಪ್ರಾಣಿಗಳನ್ನು ನೋಡಲು ಜನ ಮರಳುದಿಬ್ಬದ ಮೇಲೆ ದೂರದವರೆಗೆ ನಡೆದುಹೋಗಿದ್ದರು. ಉಬ್ಬರ ಏರತೊಡಗಿದ್ದನ್ನು ಎಮ್ರಿಸ್ ಕಂಡು ವೇದಿಕೆಗೆ ಓಡಿಬಂದ. "ಬೇಗ ಕರಿಯೇ! ದಿಬ್ಬಕ್ಕೂ ದಡಕ್ಕೂ ನಡುವೆ ನೀರು ತುಂಬ್ತಾ ಇದೆ!"

ತೆಗ್ವೆನ್ ಕರೆದಳು. ವೆಲ್ಷಿನಲ್ಲಿ, ಎಂದಿನಂತೆ ಪೂರ್ತಿಯಾಗಿ: "ಗೆಳೆಯರೇ" ಎಂದು ಮೊದಲುಮಾಡಿ, ಯಾವ ದಾರಿಯಲ್ಲಿ ಬರಬೇಕು, ಮಕ್ಕಳ ಕೈ ಹಿಡಿದುಕೊಳ್ಳಿ ಎನ್ನುವವರೆಗೆ. ಇಂಗ್ಲಿಷಿಗೆಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ಜನರೇಟರ್ ನಿಂತುಹೋಯಿತು. ಬರಿಬಾಯಲ್ಲಿ ಕೂಗಿದಳು. ಕಡಲ ಕಡೆಯ ಗಾಳಿ ಕೂಗನ್ನು ಅವಳ ಮುಖಕ್ಕೇ ತಂದು ಹಾಕಿತು.

ವೆಲ್ಷ್ ಬಲ್ಲವರು ದಡಕ್ಕೆ ಓಡಿದರು. ಅವರನ್ನು ನೋಡಿ ಹತ್ತಿರವಿದ್ದವರೂ ಓಡಿದರು. ತುದಿಯಲ್ಲಿ ಇಬ್ಬರು ಉಳಿದರು. ಅವರಲ್ಲಿ ಈಜಿ ಬದುಕಿದ ಪ್ರವಾಸಿ ಹೆಂಗಸು ಕಂಬಳಿಯೊಳಗೆ ನಡುಗುತ್ತ ಹೇಳಿದಳು: "ಹೋಗೋಣ್ವಾ ಅಂತ ಕೇಳ್ದೆ. 'ತಾಳಿ, ಸಮುದ್ರದ್ದೇನೋ ಹೇಳಿದ್ಲು. ಈಗ ನಮ್ಮ ಭಾಷೇಲೂ ಹೇಳ್ತಾಳೆ. ತೆಗ್ವೆನ್ ಯಾವತ್ತೂ ಬಿಡೋಳಲ್ಲ' ಅಂದ್ರು." ಹಾಗೆ ಅಂದವನು ನೈಜೆಲ್. ಮರುದಿನ ಬಂಡೆಗಳ ಸಂದಿಯಲ್ಲಿ ಅವನ ಹೆಣ ಸಿಕ್ಕಿತು.

ಊರು ಜನರೇಟರನ್ನು ಬೈಯಿತು, ಅವಳನ್ನಲ್ಲ. "ಬನ್ನಿ ಅಂತ ಇಂಗ್ಲಿಷಲ್ಲಿ ಒಂದು ಮಾತು ಮೊದಲು ಅಂದಿದ್ರೆ ಆಗ್ತಿತ್ತು" ಎಂದು ಅವಳೇ ಅನ್ನುತ್ತಿದ್ದಳು.

ಚಳಿಗಾಲ ಬಂದಾಗ ಮೊರೀನ್ ಅವಳ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ನಿಮ್ಮದು ತಪ್ಪು ಅಂತ ನಾನು ಹೇಳಲ್ಲ ತೆಗ್ವೆನ್. ಆದ್ರೆ ನೀವು ಬೆಕ್ಕನ್ನ ಕರೆದ್ರೂ ನನಗೆ ಕೇಳ್ಸುತ್ತೆ. ಅವರು ಕಾಯ್ತಾ ನಿಂತಿದ್ದ ದನಿ ಅದು. ದಿನಾ ಕೇಳ್ಕೊಂಡು ನಾನು ಹೇಗೆ ಇರ್ಲಿ? ಬಿಟ್ಟು ಹೋಗೋಣ ಅಂದ್ರೆ ಅವರ ಗೋರಿ ಇಲ್ಲೇ ಇದೆ."

ಅಂದಿನಿಂದ ತೆಗ್ವೆನ್ ಪಿಸುಗುಡತೊಡಗಿದಳು. ಚ್ಯಾಪೆಲ್ಲಿನ ಪ್ರಾರ್ಥನೆಯಲ್ಲಿ ಹಾಡುವುದನ್ನು ಬಿಟ್ಟಳು. ನಾನು ಹೋದರೆ ಬಾಯಿ ತೆರೆಯುವ ಮುಂಚೆ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ಆದರೆ ಒಂದು ದಿನ ಕುದಿನೀರು ಕೈಮೇಲೆ ಚೆಲ್ಲಿ ಚೀರಿಬಿಟ್ಟಳು. ಆ ಕಡೆ ಮೊರೀನ್ ಅಳಲು ಶುರುಮಾಡಿದಳು. ಸುಟ್ಟ ಕೈಯನ್ನು ನೀರಿಗೂ ಹಿಡಿಯದೆ ತೆಗ್ವೆನ್ ಆ ಅಳು ಮುಗಿಯುವವರೆಗೆ ನಿಂತೇ ಇದ್ದಳಂತೆ.

"ಈ ಸಲವೂ ಮೈಕು ನೀನೇ ಹಿಡೀಬೇಕು, ನೀನಿಲ್ದೆ ಎಂಥ ಹಬ್ಬವೇ" ಎಂದು ಊರವರು ಕೇಳಲು ಬಂದಾಗ ಅವಳು ಪಾತ್ರೆಪಗಡಿ ಹಂಚುತ್ತಿದ್ದಳು. ಬೆಟ್ಟದಾಚೆ ಅಕ್ಕನ ಮನೆಗೆ ಹೊರಟಿದ್ದಳು; ಅಲ್ಲಿಂದ ಕಡಲು ಕಾಣುವುದಿಲ್ಲ.

ಹೊರಟ ಬೆಳಿಗ್ಗೆ ಎಮ್ರಿಸ್ ವ್ಯಾನು ತಂದಿದ್ದ. ಬೆಕ್ಕಿನ ಬುಟ್ಟಿ ನನ್ನ ಕೈಯಲ್ಲಿತ್ತು. ಸದ್ದಾಗದಂತೆ ಚಿಲಕವನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಅವಳು ಬಾಗಿಲೆಳೆದಳು. ಹೋಗಿಬರ್ತೀನಿ ಅಂತಲೂ ಅನ್ನಲಿಲ್ಲ, ಯಾವ ಭಾಷೆಯಲ್ಲೂ. ಎಮ್ರಿಸ್ ಎಂಜಿನ್ ಶುರುಮಾಡದೆ, ಇಳಿಜಾರಿನಲ್ಲಿ ವ್ಯಾನನ್ನು ಹಾಗೇ ಉರುಳಲು ಬಿಟ್ಟ.