ನಾನು ಬರೆಯದೆ ಬಿಟ್ಟ ಹೆಸರು

ಮಸ್ಕತ್ತಿನ ವಾದಿ ಅದಾಯ್‌ನ ಒಂದು ಟೈಪಿಂಗ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತು ವೀಸಾ ಅರ್ಜಿಗಳನ್ನು ತುಂಬಿದವನು ನಾನು. ಹೈಸ್ಕೂಲು ಓದಿದವನಿಗೆ ಅದು ಮರ್ಯಾದೆಯ ಕೆಲಸ. ಡ್ರೈವರುಗಳು, ಮೇಸ್ತ್ರಿಗಳು ನನ್ನನ್ನು ವಕೀಲನಂತೆ ಕಾಣುತ್ತಿದ್ದರು. ನಾನೂ ಹಾಗೆಯೇ ಕೂರುತ್ತಿದ್ದೆ.

ಎದುರಿನ ವರ್ಕ್‌ಶಾಪಿನಲ್ಲಿ ಸಿರಿಯಾದ ಬಡಗಿಯೊಬ್ಬನಿದ್ದ. ಯುದ್ಧದಲ್ಲಿ ಮನೆ ಕಳೆದುಕೊಂಡು ಹೆಂಡತಿ, ಇಬ್ಬರು ಗಂಡುಮಕ್ಕಳೊಡನೆ ಇಲ್ಲಿಗೆ ಬಂದಿದ್ದ. ಹದಿಮೂರು ವರ್ಷದ ಹಿರಿಯ ಮಗಳು ಮಾತ್ರ ಕಾಗದಪತ್ರ ಸರಿಯಾಗದೆ ಜೋರ್ಡಾನಿನಲ್ಲಿ ಅಜ್ಜಿಯ ಜೊತೆ ಉಳಿದಿದ್ದಳು. ನಿರಾಶ್ರಿತರನ್ನು ಕರೆಸಿಕೊಳ್ಳುವ ದೂರದ ದೇಶವೊಂದರ ಅರ್ಜಿ ಹಿಡಿದು ಅವನು ಒಂದು ದಿನ ನನ್ನ ಮೇಜಿಗೆ ಬಂದ. ಜೊತೆಗೆ ಅವನ ಹೆಂಡತಿ ಬರೆದುಕೊಟ್ಟ ಚೀಟಿ: ಮೂವರು ಮಕ್ಕಳ ಹೆಸರು, ಹುಟ್ಟಿದ ದಿನ. ಮೊದಲನೆಯ ಹೆಸರು ಮಗಳದ್ದು.

ನಾನು ಇಬ್ಬರದನ್ನೇ ಬರೆದೆ. ಇಲ್ಲಿನ ಫ್ಯಾಮಿಲಿ ವೀಸಾಕ್ಕೆ ಬರುವವರ ಹೆಸರನ್ನಷ್ಟೇ ಬರೆಯುವುದು ನಮ್ಮ ರೂಢಿ. ಆ ಅರ್ಜಿಯಲ್ಲಿ ಮಾತ್ರ, ಜೊತೆಗೆ ಬರದಿದ್ದರೂ ಎಲ್ಲ ಮಕ್ಕಳನ್ನೂ ನಮೂದಿಸಬೇಕು ಎಂದಿತ್ತು. ನಾನು ಓದಲಿಲ್ಲ. ಓದಬೇಕೆಂದೇ ಅನ್ನಿಸಲಿಲ್ಲ.

"ಸದೀಕ್, ಮಗಳು?" ಎಂದು ಅವನು ಹರಕು ಹಿಂದಿಯಲ್ಲಿ ಕೇಳಿದ. ಸದೀಕ್ ಎಂದರೆ ಅರಬಿಯಲ್ಲಿ ಗೆಳೆಯ.

"ಅವಳನ್ನು ಆಮೇಲೆ ಕರೆಸಿಕೋ. ಮೊದಲು ನೀನು ಹೋಗಿ ಸೇರು."

ಅವನು ಸಹಿ ಹಾಕಿದ.

ವರ್ಷದೊಳಗೆ ವೀಸಾ ಬಂತು. ಸಂತೋಷಕ್ಕೆ ಏನಾದರೂ ಮಾಡಿಕೊಡುತ್ತೇನೆ ಎಂದ. ನಾನು ಕಾಗದದ ಮೇಲೆ ತೆಂಗಿನಕಾಯಿ ತುರಿಯುವ ಹೆರೆಮಣೆಯ ಚಿತ್ರ ಬರೆದು ತೋರಿಸಿದೆ.

"ಇದು ಕುದುರೆಯಾ? ಯಾರು ಸವಾರಿ ಮಾಡುವುದು?"

"ನನ್ನ ಹೆಂಡತಿ."

"ಹಾಗಾದರೆ ಗಟ್ಟಿಯಾಗಿ ಮಾಡಬೇಕು," ಎಂದು ನಕ್ಕ. ಗಟ್ಟಿಯಾಗಿಯೇ ಮಾಡಿಕೊಟ್ಟು ಹೋದ.

ಮರುವರ್ಷ ಅವನ ಫೋನು ಬಂತು. ಮಗಳನ್ನು ಕರೆಸಿಕೊಳ್ಳಲು ಹಾಕಿದ ಅರ್ಜಿ ತಿರಸ್ಕಾರವಾಗಿತ್ತು. ಬರುವಾಗ ಹೇಳದ ಮಗಳು ಈಗ ಎಲ್ಲಿಂದ ಬಂದಳು ಎಂದು ಅವರ ಪ್ರಶ್ನೆ. ತಪ್ಪು ಟೈಪಿಂಗಿನವನದ್ದು ಎಂದು ನಾನು ಒಂದು ಕಾಗದ ಬರೆದು, ಆ ಚೀಟಿಯನ್ನು ಜೊತೆಗಿಟ್ಟರೆ ಮತ್ತೆ ವಿಚಾರಿಸುತ್ತಾರೆ ಎಂದು ಅಲ್ಲಿನ ವಕೀಲರು ಹೇಳಿದ್ದರಂತೆ.

"ನೀನು ಚೀಟಿ ಕೊಟ್ಟದ್ದೇ ನನಗೆ ನೆನಪಿಲ್ಲ," ಎಂದೆ.

ಚೀಟಿ ನನ್ನ ಡ್ರಾಯರಿನಲ್ಲಿತ್ತು. ಫೋನಿನಲ್ಲಿ ಮಾತಾಡುತ್ತಲೇ ಅದನ್ನು ಹುಡುಕಿ ತೆಗೆದು ನೋಡಿ, ಮತ್ತೆ ಒಳಗಿಟ್ಟಿದ್ದೆ.

ಅಂಗಡಿಯ ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ. "ಬರೆದು ಕೊಟ್ರೆ ನಾಳೆ ನಮ್ಮ ಲೈಸೆನ್ಸಿಗೆ ಬರ್ತದೆ ಮಾರಾಯ್ರೆ. ಅವ ಹೋಗಿ ಆಯ್ತಲ್ಲ, ಖಲಾಸ್," ಎಂದರು. ಅವರು ಅಷ್ಟೇ ಹೇಳಿದ್ದು, ಹೆದರಿದವನು ನಾನು. ಕೆಲಸ ಹೋದರೆ ನನ್ನ ವೀಸಾ ಹೋಗುತ್ತದೆ, ಅದರ ಜೊತೆ ಹೆಂಡತಿಯದ್ದೂ.

ಅವಳಿಗೆ ಅರ್ಧ ಮಾತ್ರ ಹೇಳಿದೆ.

"ನಿಮ್ಮ ಕೈಯಿಂದಲೇ ಆದ ತಪ್ಪಲ್ವಾ? ಒಂದು ಕಾಗದ ಬರೆದ್ರೆ ಎಂತ ಆಗ್ತದೆ?"

"ನಿನ್ನ ವೀಸಾ ಹೋಗ್ತದೆ."

"ನನ್ನ ಹೆಸರು ಹೇಳ್ಬೇಡಿ. ನನ್ನನ್ನು ಇಲ್ಲೇ ಇಟ್ಕೊಳ್ಳಿ ಅಂತ ನಾನು ಕೇಳಿದ್ದೇನಾ?"

ಅವನು ಆಮೇಲೂ ಐದಾರು ಸಲ ಫೋನು ಮಾಡಿದ. ನಾನು ಎತ್ತುವುದನ್ನೇ ಬಿಟ್ಟೆ.

ಎರಡು ವರ್ಷ ಕಳೆಯಿತು. ನನ್ನ ಮಗನಿಗೆ ಇಲ್ಲೇ ಒಳ್ಳೆಯ ಕೆಲಸ ಸಿಕ್ಕಿ, ನಮ್ಮಿಬ್ಬರ ವೀಸಾ ಅವನ ಹೆಸರಿಗೆ ಬಂತು. ನಾನು ಕೆಲಸ ಬಿಟ್ಟೆ. ಕಳೆದುಕೊಳ್ಳುವುದಕ್ಕೆ ಏನೂ ಉಳಿಯದ ಆ ವಾರವೇ ಕಾಗದ ಬರೆದೆ. ಒಂದೇ ಪುಟ. ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಆದರೆ ಚೀಟಿ "ಹಳೆಯ ಫೈಲಿನಲ್ಲಿ ಈಗ ಸಿಕ್ಕಿತು" ಎಂದು ಬರೆದು, ಅದನ್ನೂ ಜೊತೆಗಿಟ್ಟು ಅವನಿಗೆ ಕಳುಹಿಸಿದೆ.

ನಾಲ್ಕೇ ತಿಂಗಳಲ್ಲಿ ಹುಡುಗಿ ತಂದೆತಾಯಿಯನ್ನು ಸೇರಿದಳು. ನಾಲ್ಕು ತಿಂಗಳ ಕೆಲಸವನ್ನು ನಾನು ಎರಡು ವರ್ಷ ಡ್ರಾಯರಿನಲ್ಲಿಟ್ಟಿದ್ದೆ.

ಕಳೆದ ವಾರ ಅವನು ಫೋಟೋ ಕಳುಹಿಸಿದ. ದಪ್ಪ ಕೋಟು ತೊಟ್ಟ ಹುಡುಗಿ, ಅವಳ ತೋಳನ್ನು ಎರಡೂ ಕೈಯಲ್ಲಿ ಹಿಡಿದ ತಾಯಿ. ಕೆಳಗೆ ಬರೆದಿದ್ದ: ಅಜ್ಜಿ ಕಳೆದ ವರ್ಷವೇ ತೀರಿಹೋದರು, ಮಗಳು ಯಾರ್ಯಾರದೋ ಮನೆಯಲ್ಲಿದ್ದಳು, ಅದನ್ನು ಹೇಳಲು ನಿನಗೆ ಫೋನು ಮಾಡಿದ್ದೆ. ನಿನ್ನ ಉಪಕಾರ ದೊಡ್ಡದು. ದೇವರು ನಿನ್ನ ಮನೆಯವರನ್ನೂ ಒಟ್ಟಿಗಿಡಲಿ.

ಅಲ್ ಗುಬ್ರಾದ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಹೆಂಡತಿ ಅದೇ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಫೋಟೋ ತೋರಿಸಿದೆ. ಡ್ರಾಯರಿನ ವಿಷಯವನ್ನೂ ಹೇಳಿದೆ, ಮೊದಲ ಸಲ. ಅವಳು ತುರಿಯುವುದನ್ನು ನಿಲ್ಲಿಸಿದಳು.

"ಅವನಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನ್ನ ಹತ್ರ ಯಾಕೆ ಹೇಳ್ತೀರಿ?" ಎಂದು ಎದ್ದುಹೋದಳು.

ಅವಳು ಬಿಟ್ಟುಹೋದ ಮಣೆಯ ಪಕ್ಕದಲ್ಲೇ ನಿಂತು ಅವನಿಗೆ ಬರೆದೆ. ನೀನು ಮೊದಲ ಸಲ ಫೋನು ಮಾಡಿದಾಗ ಚೀಟಿ ನನ್ನ ಕೈಯಲ್ಲೇ ಇತ್ತು, ಎಂದು. ಅವನು ಓದಿದ ಗುರುತು ಆಗಲೇ ಬಿತ್ತು. ಉತ್ತರ ಬಂದಿಲ್ಲ. ಕೇಳುವ ಹಕ್ಕೂ ನನಗಿಲ್ಲ.