ಮಗ್ಗದ ಮನೆಯ ಕೈಸನ್ನೆ

ಜನ ನನ್ನನ್ನು ನಾಯಿ ಟ್ರೈನರ್ ಎನ್ನುತ್ತಾರೆ. ಅವಿನಾಶಿ, ತಿರುಪ್ಪೂರು ಕಡೆಯಿಂದ ಕಚ್ಚುವ ನಾಯಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು, ಮನೆಯಲ್ಲಿ ಮೆಲ್ಲಗೆ ಮಾತಾಡಿ. ಹೇಳುವಾಗೆಲ್ಲ ನನಗೇ ನಾಚಿಕೆಯಾಗುತ್ತದೆ. ಅದನ್ನು ನಾನು ಕಲಿತದ್ದಕ್ಕೆ ಬೆಲೆ ತೆತ್ತವಳು ಅಮ್ಮ.

ಕೊಯಮತ್ತೂರು ಬಳಿಯ ಕರುಮತ್ತಂಪಟ್ಟಿಯಲ್ಲಿ ನಮ್ಮದು ಕನ್ನಡ ಮಾತಿನ, ನಾಲ್ಕು ಪವರ್‌ಲೂಮುಗಳ ಮನೆ. ಅಡುಗೆಮನೆಗೂ ಮಗ್ಗಗಳಿಗೂ ನಡುವೆ ಒಂದು ಗೋಡೆ ಅಷ್ಟೇ. ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಓಡಿಸುತ್ತಿದ್ದೆವು. ಒಂದು ದಿನ ಕೊಯಮತ್ತೂರಿನ ಉಕ್ಕಡಂನಲ್ಲಿ ಬಸ್ಸಿಗೆ ನಿಂತಿದ್ದಾಗ ಮೀನು ಮಾರ್ಕೆಟ್ಟಿನ ಕಡೆಯಿಂದ ಕಂದು ಬಣ್ಣದ ನಾಯಿಯೊಂದು ಕುಂಟುತ್ತ ಬಂತು. ಯಾರೋ ಬೆನ್ನಿಗೆ ಬಿಸಿನೀರು ಸುರಿದಿದ್ದರು. ಆಟೋದವನನ್ನು ಕಾಡಿಬೇಡಿ ಮನೆಗೆ ತಂದೆ. ಅಮ್ಮ ಬೈಯುತ್ತಾಳೆಂದುಕೊಂಡಿದ್ದೆ. "ಪಾವಂ ಕಣ್ಣು, ಪಾಪದ್ದು, ಇರ್ಲಿ ಬುಡು" ಎಂದಳು.

ಮಗ್ಗ ಓಡುವಾಗ ಅದು ಬಾಗಿಲ ಬಳಿ ಕುರಿಮರಿಯಂತೆ ಮಲಗಿರುತ್ತಿತ್ತು. ಮಗ್ಗ ನಿಂತಿತೋ, ಕಚ್ಚುತ್ತಿತ್ತು. ನನ್ನ ಕಾಲಿಗೆ, ನೂಲು ತಂದವರಿಗೆ, ಆಮೇಲೆ ಅಮ್ಮನ ಕೈಗೆ. ಪಾಪ, ಇದಕ್ಕೆ ನಿಶ್ಶಬ್ದವೆಂದರೆ ಭಯ ಎಂದು ನಾವೇ ತೀರ್ಮಾನಿಸಿದೆವು. ಭಾನುವಾರಗಳಲ್ಲಿ ನಾಯಿಗೋಸ್ಕರ ಒಂದು ಮಗ್ಗವನ್ನು ನೂಲಿಲ್ಲದೆ ಖಾಲಿ ಓಡಿಸಿದ ಜಾಣರು ಈ ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು.

ಕರೆಂಟು ತೆಗೆದ ಒಂದು ದಿನ ಅದು ಅಮ್ಮನನ್ನು ಎರಡನೇ ಸಲ ಕಚ್ಚಿತು, ಹರಿದ ನೂಲಿನ ಎಳೆಯನ್ನು ಗಂಟು ಹಾಕುವ ಬೆರಳುಗಳನ್ನೇ. ಕೊಯಮತ್ತೂರಿನ ಒಬ್ಬ ಟ್ರೈನರಿಗೆ ಫೋನ್ ಮಾಡಿದೆ. ನಾನು ಎರಡು ಮಾತಾಡುವಷ್ಟರಲ್ಲಿ ಅವರು, "ನಾನೇನಮ್ಮಾ ತಪ್ಪು ಮಾಡಿದೆ, ಯಾಕೆ ಬೈತೀರಿ?" ಎಂದು ತಮಿಳಿನಲ್ಲಿ ಕೇಳಿದರು. ಬೈಯುತ್ತಿಲ್ಲ, ಸುಮ್ಮನೆ ಮಾತಾಡುತ್ತಿದ್ದೇನೆ ಎಂದೆ. ಅವರು, "ನಾಯಿ ಹತ್ತಿರವೂ ಹೀಗೇ ಮಾತಾಡುವುದಾ?" ಎಂದರು.

ಕುಣಿಯಲಾರದವಳಿಗೆ ನೆಲ ಡೊಂಕು. ಮಗ್ಗದ ಸದ್ದಿನಲ್ಲಿ ನಾವು ಬಾಯಿ ತೆರೆಯುತ್ತಿರಲಿಲ್ಲ, ಎಲ್ಲವೂ ಕೈಸನ್ನೆ. ಅಂಗೈ ಚಾಚಿದರೆ ನಿಲ್ಲಿಸು, ಐದು ಬೆರಳು ಕೂಡಿಸಿ ತುಟಿಗೆ ಮುಟ್ಟಿಸಿದರೆ ಉಣ್ಣಲು ಬಾ. ಮಗ್ಗ ನಿಂತರೆ ಮಾತ್ರ ಮಾತು, ಅದೂ ಕಿರುಚಾಟ. ನಾವು ಕಿರುಚುತ್ತೇವೆಂದು ನಮಗೇ ಗೊತ್ತಿರಲಿಲ್ಲ. ಬಿಸಿನೀರು ಸುರಿದವರೂ ಹೀಗೇ ಕಿರುಚಿರಬೇಕು.

ಅಂದು ಸಂಜೆ ಮಾತಿಲ್ಲದೆ ಅಂಗೈ ಚಾಚಿದೆ. ನಾಯಿ ನಿಂತಿತು. ಬೆರಳು ತುಟಿಗೆ ಮುಟ್ಟಿಸಿದೆ. ಬಂತು. ಮಗ್ಗದ ಬಳಿ ಮಲಗಿ ಅದು ಎಲ್ಲವನ್ನೂ ಎಂದೋ ಕಲಿತಿತ್ತು! ನನಗೆ ಅಳು ಬಂತು.

ನಾನು ದನಿ ತಗ್ಗಿಸಿದೆ. ಅಮ್ಮನಿಗೆ ಆಗಲಿಲ್ಲ. ನಲವತ್ತು ವರ್ಷ ಮಗ್ಗದ ಪಕ್ಕ ನಿಂತ ಕಿವಿ, ತನ್ನ ದನಿಯೇ ತನಗೆ ಕೇಳುತ್ತಿರಲಿಲ್ಲ. ಸಿಟ್ಟು ಬಂದಾಗ ಸನ್ನೆ ನೆನಪಿರುತ್ತಿತ್ತು, ಪ್ರೀತಿ ಬಂದಾಗ ಮರೆತುಹೋಗುತ್ತಿತ್ತು. "ಬಾ ಸಾಮಿ, ಬಾ ನನ್ ತಂಗಂ, ನನ್ ಚಿನ್ನ!" ಎಂದು ಅವಳು ಕೂಗಿದರೆ ನಾಯಿ ನಡುಗುತ್ತ ಹಲ್ಲು ತೋರಿಸುತ್ತಿತ್ತು. ಯಾರಿಗೆ ಬುದ್ಧಿ ಹೇಳಲಿ? ಅದನ್ನು ಕಟ್ಟಿಹಾಕಿದೆ, ಅಮ್ಮನನ್ನು ಗದರಿದೆ, ಇಬ್ಬರನ್ನೂ ಬೇಡಿಕೊಂಡೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೂರನೇ ಸಲ ಕಚ್ಚಿದ ಮೇಲೆ ನಾನೇ ಸೋತು, ನಾಯಿಯನ್ನು ಎಲ್ಲಾದರೂ ಬಿಟ್ಟು ಬರುತ್ತೇನೆ ಎಂದೆ.

"ಬುಟ್ರೆ ಇನ್ನೊಬ್ಬ ಬಿಸಿನೀರು ಉಯ್ತಾನೆ. ಬ್ಯಾಡ. ನಾನೇ ಬಾಯಿ ಮುಚ್ಕತೀನಿ" ಎಂದಳು ಅಮ್ಮ.

ಮುಚ್ಚಿಕೊಂಡಳು. ಓಣಿಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದವಳು ಮನೆಯೊಳಗೆ ಕೈಯಲ್ಲೇ ಬದುಕತೊಡಗಿದಳು. ನಾಯಿ ಅವಳ ಕಾಲ ಬಳಿ ಮಲಗಿತು. ಸದ್ದಿಲ್ಲದೆ ಹೇಳಿದ್ದು ಕೇಳುವ ನಾಯಿಯನ್ನು ನೋಡಿ ಪಕ್ಕದ ಓಣಿಯವರು ತಮ್ಮದನ್ನು ತಂದರು, ಆಮೇಲೆ ಬೇರೆ ಊರಿನವರು. ನಾನು ಕೊಯಮತ್ತೂರಿಗೆ ಹೋಗಿ ಆ ಟ್ರೈನರ್ ಹತ್ತಿರ ಕೆಲಸ ಕಲಿತೆ. ಹೊಗಳುವವರಿಗೆ ಒಂದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಪಳಗಿದ್ದು ನಾಯಿಯಲ್ಲ.

ಮೊನ್ನೆ ನಾಯಿಯ ಹಿಂದೆ ಸ್ಟೀಲ್ ತಟ್ಟೆ ನನ್ನ ಕೈತಪ್ಪಿ ಬಿತ್ತು. ಮುದಿ ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾನು ಅಮ್ಮನ ಕಿವಿಗೆ ಬಾಯಿಟ್ಟು, ಎಷ್ಟೋ ವರ್ಷಗಳ ಮೇಲೆ ಮನೆಯೊಳಗೆ ಗಂಟಲು ಬಿಚ್ಚಿ ಕೂಗಿದೆ: "ಅಮ್ಮಾ, ಅದುಕ್ಕೆ ಕಿವಿ ಕೇಳಲ್ಲ! ಇನ್ಮೇಲೆ ನೀನು ಮಾತಾಡು!"

ನಾಯಿ ನಿದ್ದೆ ಮಾಡುತ್ತಲೇ ಇತ್ತು. ಅಮ್ಮ ನನ್ನ ಮುಖ ನೋಡಿದಳು. ತುಟಿ ಸ್ವಲ್ಪ ತೆರೆಯಿತು. ಆಮೇಲೆ ಬಗ್ಗಿ ನಾಯಿಯ ಬೆನ್ನು ಮುಟ್ಟಿ ಎಬ್ಬಿಸಿ, ಐದು ಬೆರಳು ಕೂಡಿಸಿ ತುಟಿಗೆ ಮುಟ್ಟಿಸಿದಳು. ಅದು ಎದ್ದು ಅಡುಗೆಮನೆಗೆ ಹೋಯಿತು. ಅದೇ ಸನ್ನೆಯನ್ನು ನನಗೂ ಮಾಡಿದಳು. ನಾನೂ ಹೋದೆ.