ಪೀಣ್ಯಕ್ಕೆ ಕತ್ತಿ ತರಲು ಹೋದದ್ದು

ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ನಾನೂ ಅಪ್ಪನೂ ಬ್ರೂಕ್‌ಫೀಲ್ಡಿನ ಮನೆಯಿಂದ ಹೊರಟೆವು. ಹೋಗಬೇಕಾದದ್ದು ಪೀಣ್ಯಕ್ಕೆ, ತರಬೇಕಾದದ್ದು ಒಂದು ಕತ್ತಿ. ತರಕಾರಿ ಹೆಚ್ಚುವುದಲ್ಲ, ಯುದ್ಧ ಮಾಡುವುದು. ನಲವತ್ತು ದಾಟಿದ ಹೆಂಗಸು ಯುದ್ಧಕ್ಕೆ ಹೊರಟಿದ್ದಾಳೆಂದರೆ ಓದುವವರಿಗೆ ನಗು ಬರುವುದು ಸಹಜ. ನಮ್ಮ ಮನೆಯಲ್ಲೂ ನಕ್ಕು ಆಗಿತ್ತು. ಅಮ್ಮ ಬಾಗಿಲವರೆಗೆ ಬಂದು, "ಅಂಗೇ ಒಂದು ಸಿಂಹಾಸನನೂ ಸಿಕ್ರೆ ತನ್ನಿ, ಸೋಫಾ ಹಳೇದಾಗಿದೆ" ಎಂದು ಬೀಳ್ಕೊಟ್ಟರು.

ನಾನು ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಉದ್ಯೋಗಿಗಳ ಕ್ಯಾಬುಗಳ ವ್ಯವಸ್ಥೆ ನೋಡಿಕೊಳ್ಳುವವಳು. ದಿನವಿಡೀ ಫೋನಿನಲ್ಲಿ "ಸಾರ್, ಗಾಡಿ ಕೆಳಗಿದೆ", "ಮೇಡಂ, ಎರಡೇ ನಿಮಿಷ" ಎಂದು ತಗ್ಗಿದ ದನಿಯಲ್ಲಿ ಹೇಳುವುದೇ ನನ್ನ ಕೆಲಸ. ಅದೇ ಕಚೇರಿಯ ದೀಕ್ಷಾ ಎಂಬ ಹುಡುಗಿ ಒಂದು ದಿನ ಬಂದು, ತಮ್ಮ ಗುಂಪಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ನೀವು ಬರ್ತೀರಾ ಎಂದು ಕೇಳಿದಳು. ಮುಂದಿನ ವಾರಾಂತ್ಯ ಆನೇಕಲ್ ಕಡೆಯ ಒಂದು ತೋಟದಲ್ಲಿ ಎರಡು ದಿನದ ಆಟವಂತೆ. ಕಟ್ಟುಕಥೆಯ ಒಂದು ರಾಜ್ಯ, ಅದರಲ್ಲಿ ಮಂತ್ರವಾದಿಗಳು, ಸೈನಿಕರು, ಕಳ್ಳರು. ಹೋದವರೆಲ್ಲ ವೇಷ ಹಾಕಿಕೊಂಡು ಎರಡು ದಿನವೂ ಆ ಪಾತ್ರವಾಗಿಯೇ ಇರಬೇಕು. ಬರೆದಿಟ್ಟ ಮಾತಿಲ್ಲ, ಬಾಯಿಗೆ ಬಂದದ್ದೇ ಮಾತು. ಏನು ಹೊಕ್ಕಿತೋ, ನಾನು ಹೂಂ ಎಂದುಬಿಟ್ಟೆ.

ವಯಸ್ಸಿಗೆ ಮರ್ಯಾದೆ ಕೊಟ್ಟೋ ಏನೋ, ನನಗೆ ಗಡಿಕೋಟೆಯ ರಾಣಿಯ ಪಾತ್ರ ಸಿಕ್ಕಿತು. ಆಟದ ಮೊದಲ ದಿನ ಸಂಜೆ ಯುದ್ಧಕ್ಕೆ ಮುಂಚೆ ರಾಣಿ ತನ್ನ ಸೈನ್ಯವನ್ನು ಹುರಿದುಂಬಿಸಬೇಕು. ದೀಕ್ಷಾಳ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಮ್ಮೆ ಅಭ್ಯಾಸ ಮಾಡಿದೆವು. ನಾನು ಎದ್ದುನಿಂತು ಬಾಯಿ ತೆಗೆದರೆ ಕ್ಯಾಬ್ ಕೆಳಗಿದೆ ಅನ್ನುವ ದನಿಯೇ ಹೊರಟಿತು. ಹುಡುಗರು ಒಳ್ಳೆಯವರು, ಯಾರೂ ನಗಲಿಲ್ಲ. ದೀಕ್ಷಾ ಮಾತ್ರ ಮೆಲ್ಲಗೆ, "ಮೇಡಂ, ಕಷ್ಟ ಆದ್ರೆ ರಾಣಿ ಪಾರ್ಟ್ ಬೇರೆಯವರು ಮಾಡ್ಲಿ. ನೀವು ವೈದ್ಯೆ ಆಗಿ, ಜಾಸ್ತಿ ಮಾತಿರಲ್ಲ" ಎಂದಳು. ಸೋಮವಾರ ಹೇಳ್ತೀನಿ ಎಂದು ಬಂದೆ. ಆ ರಾತ್ರಿ ನನಗೆ ನಿಜವಾಗಿ ಬೇಸರವಾಯಿತು. ಜೀವನದಲ್ಲಿ ಒಮ್ಮೆಯಾದರೂ ರಾಣಿಯಾಗಬೇಕೆಂಬ ಆಸೆ ನನ್ನೊಳಗೆ ಇಷ್ಟು ಗಟ್ಟಿಯಾಗಿ ಕೂತಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದನ್ನು ಕಲಿಸಬಲ್ಲವರು ನನಗೆ ಗೊತ್ತಿದ್ದಂತೆ ಒಬ್ಬರೇ, ನಮ್ಮಪ್ಪ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಕೆಲಸಗಾರರು ಪ್ರತಿ ವರ್ಷ ಆಯುಧಪೂಜೆಗೆ ಕಾರ್ಖಾನೆಯ ಅಂಗಳದಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದರು. ಎರಡು ತಿಂಗಳು ಪಾಳಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು. ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿ. ಅಪ್ಪನದು ಯಾವಾಗಲೂ ರಾಜಪಾರ್ಟು. ಒಂದು ವರ್ಷ ತಾಲೀಮೆಲ್ಲ ಮುಗಿದು, ಕರಪತ್ರವೂ ಅಚ್ಚಾಗಿ, ನಾಟಕಕ್ಕೆ ವಾರವಿದೆ ಅನ್ನುವಾಗ ಕಾರ್ಖಾನೆಗೆ ಬೀಗ ಬಿತ್ತು. ಆ ನಾಟಕ ಆಡಲೇ ಇಲ್ಲ. ಅಂದಿನಿಂದ ಅಪ್ಪ ಒಂದು ಸಾಲು ಗುನುಗಿದ್ದನ್ನೂ ನಾನು ಕೇಳಿಲ್ಲ, ಪೀಣ್ಯದ ಕಡೆ ತಲೆ ಹಾಕಿದ್ದನ್ನೂ ನೋಡಿಲ್ಲ. ರಾಜ ಹೇಗೆ ಬರ್ತಾನೆ, ಹೇಗೆ ಮಾತಾಡ್ತಾನೆ ಹೇಳಿಕೊಡಿ ಎಂದು ನಾನು ಕೇಳಿದಾಗ, "ಎಲ್ಲಾ ಮರ್ತೋಗಿದೆ ಕಣವ್ವ" ಎಂದು ಪೇಪರು ಮಡಿಸಿ ಎದ್ದುಹೋದರು. ಕತ್ತಿ ಮಾಡಿಸಬೇಕು ಅಂದಾಗ ಮಾತ್ರ ಕಿವಿ ನೆಟ್ಟಗಾಯಿತು. ಹಳೆಯ ಸಂಗಾತಿ ಪುಟ್ಟಸ್ವಾಮಿಗೆ ತಾವೇ ಫೋನು ಮಾಡಿ ಹೇಳಿದರು. ಪೀಣ್ಯಕ್ಕೆ ಹೋದರೆ ಅಪ್ಪ ಬಾಯಿ ಬಿಟ್ಟಾರೆಂದು ನಾನೂ ಒಳಗೊಳಗೇ ಲೆಕ್ಕ ಹಾಕಿದೆ.

ಕುಂದಲಹಳ್ಳಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡೆವು. ಮೋಡ ಕವಿದ ದಿನ, ಮಳೆಯಿಲ್ಲ. ಅಪ್ಪ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ನಾವು ಪೀಣ್ಯದಲ್ಲಿದ್ದ ಕಾಲದಲ್ಲಿ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಎರಡು ಬಸ್ಸು, ಬುತ್ತಿ, ಒಂದಿಡೀ ದಿನ. ಈಗ ಊರಿನ ಈ ತುದಿಯಿಂದ ಆ ತುದಿಗೆ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿ, ಬೆವರು ಸುರಿಸದೆ ಹೋಗಿಬಿಡಬಹುದು. ಗೊರಗುಂಟೆಪಾಳ್ಯ ಕಳೆದದ್ದೇ ಕಿಟಕಿಯ ಕೆಳಗೆ ಶೀಟಿನ ಮಾಡುಗಳು ಸಾಲಾಗಿ ಕಂಡವು. ಅಪ್ಪ ಗಾಜಿಗೆ ಹಣೆಯಿಟ್ಟು, "ಅದು ಗೇರ್ ಚಕ್ರ ಮಾಡೋರದು. ಅಲ್ಲಿ ನೋಡು, ಅದು ಎರಕದೋರು" ಎಂದು ಬೆರಳು ತೋರಿಸುತ್ತಿದ್ದರು. ಆಮೇಲೆ ಒಮ್ಮೆಲೇ ಕಿಟಕಿಯಿಂದ ಮುಖ ತಿರುಗಿಸಿಕೊಂಡರು.

ಪೀಣ್ಯದಲ್ಲಿ ಇಳಿದು ಆಟೋ ಹಿಡಿದೆವು. ಲೇತಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಪ್ಪ ಸಂಜೆ ಮನೆಗೆ ಬಂದು ನನ್ನನ್ನು ಎತ್ತಿಕೊಂಡಾಗ ಅವರ ಅಂಗಿಯಲ್ಲಿ ಇದೇ ವಾಸನೆ ಇರುತ್ತಿತ್ತು. ಎಷ್ಟು ಸೋಪು ಹಾಕಿ ಒಗೆದರೂ ಹೋಗುತ್ತಿರಲಿಲ್ಲ ಎಂದು ಅಮ್ಮ ಗೊಣಗುತ್ತಿದ್ದರು. ಈಗ ಅಪ್ಪನ ಬಟ್ಟೆಗಳಿಗೆ ಯಾವ ವಾಸನೆಯೂ ಇಲ್ಲ. ಆ ವಾಸನೆ ನನಗೆ ಬೇಕಾಗಿತ್ತೆಂದು ಆ ರಸ್ತೆಯಲ್ಲಿ ಹೋಗುವಾಗಲೇ ಗೊತ್ತಾದದ್ದು.

ಪುಟ್ಟಸ್ವಾಮಿ ಮಾಮನದು ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನಿನ ಪುಟ್ಟ ಶೆಡ್ಡು. ನಾಟಕದಲ್ಲಿ ಅವರು ಮಂತ್ರಿ. ಅಪ್ಪನನ್ನು ಕಂಡದ್ದೇ ಸೊಂಟ ಬಗ್ಗಿಸಿ, "ಪ್ರಭುಗಳಿಗೆ ದಾರಿ ಬಿಡ್ರೋ" ಎಂದರು.

"ಸುಮ್ನಿರಪ್ಪ. ಕತ್ತಿ ಎಲ್ಲಿ?" ಎಂದರು ಅಪ್ಪ.

ಮಾಮ ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದ ಕತ್ತಿಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಲಾರಿಯ ಪಟ್ಟಿ ಸ್ಪ್ರಿಂಗನ್ನು ತಟ್ಟಿ, ಹದ ಕೊಟ್ಟು, ಉಜ್ಜಿ, ನಿಕ್ಕಲ್ ಲೇಪ ಕೊಡಿಸಿದ ಅಸಲಿ ಕತ್ತಿ ಅದು. ಟ್ಯೂಬ್‌ಲೈಟು ಅದರಲ್ಲಿ ಉದ್ದಕ್ಕೂ ಕಾಣುತ್ತಿತ್ತು. ಎತ್ತಲು ನನಗೆ ಎರಡೂ ಕೈ ಬೇಕಾದವು.

"ಮಾಮ, ಇದರಲ್ಲಿ ಹೊಡೆದ್ರೆ ಜನ ಸತ್ತೇ ಹೋಗ್ತಾರೆ" ಎಂದೆ.

"ಕತ್ತಿ ಅಂದ್ಮೇಲೆ ಇನ್ನೇನಮ್ಮ? ಎರಡು ದಿನ ಬಡಿದಾಡ್ತಾರೆ, ಮುರೀಬಾರ್ದು ಅಂದ ನಿಮ್ಮಪ್ಪ. ಇದು ನಿನ್ ಮೊಮ್ಮಕ್ಕಳ ಕಾಲಕ್ಕೂ ಮುರಿಯಲ್ಲ."

ಆಟದ ನಿಯಮ ಇದಕ್ಕೆ ಪೂರಾ ಉಲ್ಟಾ. ಕತ್ತಿ ಸ್ಪಂಜಿನ ಹಾಗೆ ಮೆತ್ತಗಿರಬೇಕು, ಹೊಡೆದರೆ ನೋವಾಗಬಾರದು. ಶುರುವಿನಲ್ಲೇ ಅವರು ಪ್ರತಿಯೊಂದು ಕತ್ತಿಯನ್ನೂ ಒತ್ತಿ ನೋಡುತ್ತಾರೆ. ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದ್ದೆ. ಅವರ ಮುಖ ನೋಡಿದೆ. ಅವರು ಡ್ರಿಲ್ಲಿಂಗ್ ಮಷೀನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಅಪ್ಪ, ನೀವು ಮೆತ್ತಗಿರ್ಬೇಕು ಅಂತ ಹೇಳಲಿಲ್ವಾ?"

"ಎಂಗವ್ವ ಹೇಳದು? ಇವನ ತಾವ ಫೋನ್ ಮಾಡಿ ಮೆತ್ತನೆ ಕತ್ತಿ ಮಾಡ್ಕೊಡು ಅನ್ನೋಕೆ ನಂಗೆ ನಾಚ್ಕೆ ಆಯ್ತು."

ಪುಟ್ಟಸ್ವಾಮಿ ಮಾಮ ನಕ್ಕ ರಭಸಕ್ಕೆ ಲೇತಿನ ಮುಂದಿದ್ದ ಹುಡುಗರು ಮಷೀನು ನಿಲ್ಲಿಸಿ ನೋಡಿದರು. ರಾಜ ಮೆತ್ತನೆ ಕತ್ತಿ ಕೇಳಿದನೆಂಬ ಸುದ್ದಿ ಪೀಣ್ಯದಲ್ಲಿ ಹಬ್ಬಿದರೆ ಮರ್ಯಾದೆ ಏನಾಗಬೇಕು ಎಂದು ಅಪ್ಪನನ್ನು ಗೋಳು ಹೊಯ್ದುಕೊಂಡರು. ಅಪ್ಪನೂ ಕೊನೆಗೆ ನಕ್ಕರು. ಅಸಲಿ ಕತ್ತಿಯನ್ನು ಮಾಮ ಆಯುಧಪೂಜೆಗಾಯಿತೆಂದು ಗೋಡೆಯ ಮೊಳೆಗೆ ತೂಗುಹಾಕಿದರು.

ಮೂವರೂ ಪಕ್ಕದ ಅಡ್ಡರಸ್ತೆಗೆ ಹೋದೆವು. ಅಲ್ಲಿ ಯಂತ್ರದ ಬಿಡಿಭಾಗಗಳನ್ನು ಪ್ಯಾಕ್ ಮಾಡಲು ಬೇಕಾದ ಫೋಮ್ ಹಾಳೆಗಳನ್ನು ಕತ್ತರಿಸುವ ಒಂದು ಘಟಕವಿತ್ತು. ಲಿಂಗಸೂಗೂರು ಕಡೆಯ ಒಬ್ಬ ಹೆಂಗಸು ಹಾಳೆಗಳನ್ನು ಪೇರಿಸುತ್ತಿದ್ದಳು. "ಏನ್ ಪ್ಯಾಕ್ ಮಾಡಾಕ್ರೀ ಅಕ್ಕಾರ?" ಎಂದು ಕೇಳಿದಳು. ಯುದ್ಧದಾಟದ ಕತ್ತಿಗೆ, ಹೊಡೆದರೆ ನೋವಾಗಬಾರದು ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ನೋವಾಗಬಾರ್ದಂದ್ರ ಬಡದಾಡೋದ್ಯಾಕ್ರೀ ಮತ್ತ?" ಎಂದಳು. ದಪ್ಪನೆಯ ಒಂದು ಹಾಳೆಯನ್ನು ಅವಳೇ ಆರಿಸಿಕೊಟ್ಟಳು.

ಶೆಡ್ಡಿಗೆ ಮರಳಿ, ತೆಳು ಪ್ಲಾಸ್ಟಿಕ್ ಪೈಪಿನ ಸುತ್ತ ಫೋಮ್ ಅಂಟಿಸಿ, ಮೇಲೆ ಬೆಳ್ಳಿ ಬಣ್ಣದ ಟೇಪು ಸುತ್ತಿದೆವು. ಇಬ್ಬರು ಹಿರಿಯರು ಹಿಡಿಯ ಉದ್ದದ ಬಗ್ಗೆ ಜಗಳವಾಡುತ್ತಾ ಗೋಂದು ಒಣಗಲು ಬಿಡದೆ ಎತ್ತಿದ್ದರಿಂದ ಕತ್ತಿ ತುದಿಯಲ್ಲಿ ಬಲಕ್ಕೆ ಬಾಗಿತು. ಇಬ್ಬರಿಗೂ ಅದು ಸಹಿಸಲಾರದ ಅವಮಾನ, ನನಗೆ ಮಾತ್ರ ಬಹಳ ಇಷ್ಟವಾಯಿತು. ಪರೀಕ್ಷೆಗೆಂದು ಮಾಮ ಅಪ್ಪನ ಬೆನ್ನಿಗೆ ಬೇಕೆಂದೇ ನಾಲ್ಕು ಬಾರಿಸಿದರು. ನೋವಾಗಲಿಲ್ಲ ಎಂದು ಅಪ್ಪ ಒಪ್ಪಿಕೊಂಡರು. ಹತ್ತಿರದ ಮೆಸ್ಸಿನಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡೆವು.

ಊಟವಾದ ಮೇಲೆ ಅಪ್ಪ, "ಅಂಗೇ ಆ ಕಡೆಯಿಂದ ಹೋಗಣ" ಎಂದರು. ಅವರಾಗಿಯೇ ಹೇಳಿದ್ದು. ಮಾಮ ನನ್ನನ್ನು ನೋಡಿದರು, ನಾನು ಅಪ್ಪನ ಹಿಂದೆ ಹೊರಟೆ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ದೊಡ್ಡದೊಂದು ಗೋದಾಮು. ಅಂಗಳಕ್ಕೆ ಕಾಂಕ್ರೀಟು ಹಾಕಿ ಲಾರಿ ನಿಲ್ಲಿಸುವ ಜಾಗ ಮಾಡಿದ್ದಾರೆ. ಮಧ್ಯಾಹ್ನದ ಹೊತ್ತು, ಎರಡೇ ಲಾರಿ ನಿಂತಿದ್ದವು. ಕಾವಲಿನವನು ಮಾಮನ ಪರಿಚಯದವನಾದ್ದರಿಂದ ಒಳಗೆ ಬಿಟ್ಟ. ಅಪ್ಪ ಅಂಗಳದ ಒಂದು ಮೂಲೆಗೆ ನೆಟ್ಟಗೆ ನಡೆದುಹೋಗಿ ನಿಂತರು. "ಸ್ಟೇಜು ಇಲ್ಲೇ" ಎಂದರು. ಅವರ ಕಣ್ಣು ತುಂಬಿತ್ತು. ನನಗೂ ಅಳು ಬಂತು. ಆಡದೆ ಉಳಿದ ಆ ನಾಟಕದ ದುಃಖ ಅಪ್ಪನಲ್ಲಿ ಇಷ್ಟು ವರ್ಷ ಹೀಗೇ ಇತ್ತೆಂದು ನನಗೆ ಹೊಳೆದಿರಲಿಲ್ಲ.

ನಾನು ಧೈರ್ಯ ಮಾಡಿದೆ. "ಅಪ್ಪ, ಸೋಮವಾರ ನಾನು ಹೇಳ್ಬೇಕು. ರಾಣಿನಾ, ವೈದ್ಯೆನಾ ಅಂತ. ನನ್ ದನಿ ಏಳಲ್ಲ."

ಅಪ್ಪ ಮೂಗು ಒರೆಸಿಕೊಂಡರು. "ದನಿ ಆಮೇಲೆ. ಮೊದ್ಲು ಕೊನೇ ಸಾಲು ನೋಡ್ಬೇಕು."

"ಯಾಕೆ?"

"ಮುಂದ್ಲ ಸಾಲಲ್ಲಿ ಸೂಪರ್‌ವೈಸರ್‌ಗಳು, ಮಾಲೀಕರ ಮನೆಯೋರು. ಅವರ್ನ ನೋಡಿದ್ರೆ ಬಾಯಿ ಒಣಗುತ್ತೆ. ನಂಗೂ ಮೊದ್ಲ ವರ್ಷ ದನಿ ಬರ್ಲಿಲ್ಲ ಕಣವ್ವ. ನೀನಾಗ ಕೈಗೂಸು. ಹಾರ್ಮೋನಿಯಂ ಶುರುವಾದ್ರೆ ಅಳ್ತಿದ್ದೆ. ಎದ್ದು ಆಚೆ ಹೋಗೋಕೆ ಸಲೀಸಾಗ್ಲಿ ಅಂತ ನಿಮ್ಮವ್ವ ಕೊನೇ ಸಾಲಲ್ಲೇ ಕೂರ್ತಿದ್ಲು. ನೀವಿಬ್ರೂ ಇದ್ದೀರೋ, ಎದ್ದೋದ್ರೋ ಅಂತ ಕಣ್ ಕಿರಿದು ಮಾಡಿ ನೋಡ್ದೆ. ಕಂಡ್ರಿ. ನಿಮಗೆ ಕೇಳಿಸ್ಲಿ ಅಂತ ಹೇಳ್ದೆ, ದನಿ ತಾನಾಗೇ ಬಂತು. ಆಮೇಲೆ ಎಲ್ಲಾ ವರ್ಷನೂ ಅಂಗೇ."

ಊರೆಲ್ಲ ಮೆಚ್ಚಿದ ಆ ರಾಜ ಮಾತಾಡುತ್ತಿದ್ದದ್ದು ನಮ್ಮಿಬ್ಬರೊಡನೆ. ಅಪ್ಪ ಅಂಗಳದುದ್ದಕ್ಕೂ ನಡೆದುಹೋಗಿ, ಅತ್ತ ಕಡೆಯ ಗೋಡೆಗೆ ಬೆನ್ನು ಕೊಟ್ಟು ನಿಂತರು. ಬಿಳಿ ಅಂಗಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಸೊಟ್ಟ ಕತ್ತಿ ಹಿಡಿದು ಬಾಯಿ ತೆಗೆದೆ. ಅಪ್ಪ ಕೈಯಾಡಿಸಿ, ಕೇಳಿಸಲಿಲ್ಲ ಎಂದರು. ಮತ್ತೆ ಹೇಳಿದೆ. ಮತ್ತೆ ಕೈಯಾಡಿಸಿದರು. ಅಷ್ಟು ದೂರದಲ್ಲಿ ಅವರು ಚಿಕ್ಕದಾಗಿ, ವಯಸ್ಸಾಗಿ ಕಂಡರು. ಹೇಗಾದರೂ ಅವರಿಗೆ ಮುಟ್ಟಿಸಬೇಕೆನ್ನಿಸಿತು. "ಕೋಟೆ ನಮ್ಮದು, ಯಾರೂ ಹಿಂದೆ ಸರಿಯಬೇಡಿ" ಎಂದೆ. ಲಾರಿಯ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಅಪ್ಪ ಕೈ ಕೆಳಗಿಳಿಸಿದರು.

ಸಂಜೆ ಪೀಣ್ಯ ನಿಲ್ದಾಣದ ತಪಾಸಣೆಯಲ್ಲಿ ಭದ್ರತೆಯ ಹೆಂಗಸು ಕತ್ತಿಯನ್ನು ಒತ್ತಿ, ಬಗ್ಗಿಸಿ, "ದಿಂಬಾ ಮೇಡಂ?" ಎಂದು ಕೇಳಿ ಬಿಟ್ಟಳು. ಪುಟ್ಟಸ್ವಾಮಿ ಮಾಮ ಕೆಳಗೆ ರಸ್ತೆಯಲ್ಲಿ ಸ್ಕೂಟರಿನ ಪಕ್ಕ ನಿಂತೇ ಇದ್ದರು. ಮೆಟ್ರೋ ಹೊರಟಾಗ ಶೀಟಿನ ಮಾಡುಗಳ ಮೇಲೆ ದೀಪಗಳು ಹತ್ತಿಕೊಳ್ಳುತ್ತಿದ್ದವು.

"ಅಲ್ಲಿ ನೋಡೋಕೆ ಎಷ್ಟು ಜನ ಸೇರ್ತಾರೆ?" ಎಂದು ಅಪ್ಪ ಕೇಳಿದರು.

"ನೋಡೋರು ಯಾರೂ ಇರಲ್ಲಪ್ಪ. ಬಂದೋರೆಲ್ಲ ಆಡೋರೇ."

"ಕೊನೇ ಸಾಲು?"

"ಸಾಲೇ ಇಲ್ಲ."

ಅವರು ಕತ್ತಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಯಶವಂತಪುರ ಕಳೆಯಿತು. ನೋಡುವವರಿಲ್ಲದ ನಾಟಕ ಯಾಕೆ ಬೇಕು ಎನ್ನುತ್ತಾರೆಂದುಕೊಂಡೆ. ಆದರೆ ಅವರು ಕತ್ತಿಯ ತುದಿಯನ್ನು ನೆಟ್ಟಗೆ ಮಾಡಲು ನೋಡುತ್ತಾ, "ಆ ಹುಡುಗಿನ ಒಂದ್ಮಾತು ಕೇಳು. ಕೋಟೆ ಬಾಗ್ಲಿಗೆ ಒಬ್ಬ ಕಾವಲುಗಾರ ಬೇಕಾಗ್ತಾನಾ ಅಂತ. ಮಾತೇನೂ ಬೇಡ. ದೂರದಲ್ಲಿ, ನಿಂಗೆ ಕಾಣೋ ಅಂಗೆ ನಿಂತ್ಕತೀನಿ" ಎಂದರು.

ಸೋಮವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ಅಲ್ಲೇ ದೀಕ್ಷಾಗೆ ಫೋನು ಮಾಡಿದೆ. ಗಾಡಿಯ ಸದ್ದಿನಲ್ಲಿ ಅವಳು ಏನು, ಏನು ಎನ್ನುತ್ತಿದ್ದಳು. "ನಾವಿಬ್ರು ಬರ್ತಿದೀವಿ. ರಾಣಿ ನಾನೇ" ಎಂದೆ. ಡಬ್ಬಿಯ ಆ ತುದಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು.